ಒಡೆಯನಿಲ್ಲದ ಟಪಾಲು

ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದಿಂದ ಧುಮುಕುವ ತಾಣದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಒಂದು ನೂಲಿನ ಗಿರಣಿಯು ಆ ನೀರಿನ ರಭಸವನ್ನು ಹಿಡಿದು ತನ್ನ ಕದಿರುಗಳನ್ನು ತಿರುಗಿಸಿಕೊಂಡಿತು. ಅದೇ ಸೀಮೆಯ ಹುಕ್ಕೇರಿ ತಾಲೂಕಿನ ಜನರು 1969ರಲ್ಲಿ ಬೇರೊಂದು ಬಗೆಯ ಸಾಹಸಕ್ಕೆ ಕೈಯಿಕ್ಕಿ, ವಿದ್ಯುತ್ತನ್ನು ಸಗಟಾಗಿ ಕೊಂಡು ತಮ್ಮೊಳಗೆ ಹಂಚಿಕೊಳ್ಳುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದನ್ನು ಕಟ್ಟಿದರು. ದೇಶದಲ್ಲಿ ಅಂದು ಪ್ರಯೋಗಾರ್ಥವಾಗಿ ಜನಿಸಿದ ಐದು ಸಂಘಗಳಲ್ಲಿ ಅದೊಂದು. ಗಿರಣಿಯ ಶಕ್ತಿ ಗಿರಣಿಯದು. ಸಂಘದ ತಂತಿ ಬಳಸುವವರದು. ಆದರೆ ತಂತಿ ನಮ್ಮದೆಂದ ಮಾತ್ರಕ್ಕೆ ಮುಂಗಾರಿನ ಗಾಳಿಗೆ ಅದು ಹರಿಯದೆ ಉಳಿಯುವುದೆ? ಹರಿದ ರಾತ್ರಿಯಲ್ಲಿ ಯಾರಾದರೊಬ್ಬರು ಕಂಬ ಹತ್ತಲೇಬೇಕು.

ಇ-ಮೇಲಿನ ಮುಕ್ತ ತಂತ್ರಾಂಶಗಳ ವಿಷಯವಾಗಿ ಬರೆಯಹೊರಟವನಿಗೆ ಹುಕ್ಕೇರಿಯ ಈ ಕಂಬಗಳು ನೆನಪಾಗುವುದು ಅಕಾರಣವಲ್ಲ. ಯಾವ ತಂತ್ರಾಂಶದ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ತಿದ್ದಿದ್ದನ್ನು ಇತರರಿಗೆ ಹಂಚಬಹುದೋ ಅದು ಮುಕ್ತ ತಂತ್ರಾಂಶ. "ಹಾಗಾದರೆ ಪುಕ್ಕಟೆಯೇ?" ಎಂದು ಕೇಳುವವರು ಬಹುಮಂದಿ. ಕೊಳ್ಳುವುದಕ್ಕೆ ಪುಕ್ಕಟೆ, ಕಾಯುವುದಕ್ಕೆ ಅಲ್ಲ ಎಂಬುದು ನನ್ನ ಉತ್ತರ.

ಮೂಡಲಗಿಯ ಯಾವುದೋ ಸಂಘದ ಕಾರ್ಯದರ್ಶಿಯು ಗೋಕಾಕದ ಲೆಕ್ಕಪರಿಶೋಧಕರಿಗೆ ಜಮಾ-ಖರ್ಚಿನ ಪಟ್ಟಿಯನ್ನು ಕಳುಹಿಸುತ್ತಾನೆಂದು ಇಟ್ಟುಕೊಳ್ಳೋಣ. ಆತನ ಪತ್ರವು ಮೊದಲು ಅವನ ಸಂಘದ ಸರ್ವರನ್ನು ಮುಟ್ಟುತ್ತದೆ, ಆ ಸರ್ವರು ವಿಳಾಸದಲ್ಲಿ '@' ಚಿಹ್ನೆಯ ಬಲಕ್ಕಿರುವ ಹೆಸರನ್ನು ಓದಿ—ಈ ಚಿಹ್ನೆಯನ್ನು 1971ರಲ್ಲಿ ಆರಿಸಿದವನು ರೇ ಟಾಮ್ಲಿನ್ಸನ್—ಜಗತ್ತಿನ ಹೆಸರುಗಳ ನೋಂದಣಿ ಪುಸ್ತಕದಂತಿರುವ ಡಿಎನ್ಎಸ್ ವ್ಯವಸ್ಥೆಯಲ್ಲಿ "ಈ ಹೆಸರಿನವರ ಟಪಾಲನ್ನು ಯಾವ ಯಂತ್ರ ಸ್ವೀಕರಿಸುತ್ತದೆ?" ಎಂದು ವಿಚಾರಿಸುತ್ತದೆ. ಉತ್ತರ ದೊರೆತ ಮೇಲೆ ಎರಡು ಯಂತ್ರಗಳ ನಡುವೆ ನಡೆಯುವ ಸಂಭಾಷಣೆಯು ಹಳೆಯ ಕಾಲದ ಮರ್ಯಾದಸ್ಥರ ಭೇಟಿಯಂತೆ ಇರುತ್ತದೆ: ಮೊದಲು ನಮಸ್ಕಾರ ಮತ್ತು ಸ್ವಪರಿಚಯ, ಬಳಿಕ ಪತ್ರವು ಯಾರಿಂದ, ಯಾರಿಗೆ ಎಂಬ ನಿವೇದನೆ, ಅನಂತರ ಪತ್ರ; ಒಂದು ಸಾಲಿನಲ್ಲಿ ಬರಿಯ ಚುಕ್ಕೆಯೊಂದನ್ನು ಇಟ್ಟರೆ ಮುಗಿಯಿತೆಂದು ಅರ್ಥ. ಆಗ ಎದುರಿನ ಯಂತ್ರವು 250 ಎಂಬ ಸಂಖ್ಯೆಯನ್ನು ಮರುನುಡಿಯುತ್ತದೆ. "ಇನ್ನು ಈ ಪತ್ರದ ಹೊಣೆ ನನ್ನದು" ಎಂದು ಅದರ ತಾತ್ಪರ್ಯ. ಆ ನುಡಿಯು ಬರುವವರೆಗೂ ಕಳುಹಿಸಿದ ಯಂತ್ರವು ತನ್ನ ಪ್ರತಿಯನ್ನು ಅಳಿಸುವಂತಿಲ್ಲ. ಎದುರಿನ ಯಂತ್ರವು ಕರೆಂಟಿಲ್ಲದೆ ಮಲಗಿದ್ದರೆ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು, ಸಾಮಾನ್ಯವಾಗಿ ಐದು ದಿನಗಳವರೆಗೆ, ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಇಷ್ಟು ತಾಳ್ಮೆಯ ಓಲೆಕಾರನು ಯಾವ ಅರಸನಿಗೂ ದೊರೆತಿರಲಾರನು.

ಈ ಸಂಭಾಷಣೆಯ ನಿಯಮಗಳನ್ನು ಜಾನ್ ಪೋಸ್ಟೆಲ್ ಎಂಬವನು 1982ರಲ್ಲಿ ಬರೆದು ಬಹಿರಂಗವಾಗಿ ಪ್ರಕಟಿಸಿದನು. ನಿಯಮವು ಸಾರ್ವಜನಿಕವಾದುದರಿಂದಲೇ ಇ-ಮೇಲಿಗೆ ಒಡೆಯನಿಲ್ಲ: ಒಂದು ಕಂಪನಿಯ ಪೆಟ್ಟಿಗೆಯಿಂದ ಇನ್ನೊಂದರ ಪೆಟ್ಟಿಗೆಗೆ ಪತ್ರ ಹೋಗುತ್ತದೆ, ಇಂದಿನ ಜನಪ್ರಿಯ ಸಂದೇಶದ ಆ್ಯಪ್‌ಗಳಲ್ಲಿ ಹೀಗೆ ಬೇಲಿ ದಾಟುವುದು ದುರ್ಲಭ. ನಿಯಮವನ್ನು ಪಾಲಿಸುವ ಯಂತ್ರಗಳಿಗೆ ಬೇಕಾದ ತಂತ್ರಾಂಶಗಳೂ ಬಹುಪಾಲು ಮುಕ್ತವಾಗಿಯೇ ಬೆಳೆದವು. ಎರಿಕ್ ಆಲ್ಮನ್‌ನ ಸೆಂಡ್‌ಮೇಲ್ ಹಿರಿಯದು. ಆದರೆ ಎಲ್ಲ ಕೆಲಸವನ್ನೂ ತಿಜೋರಿಯ ಕೀಲಿಕೈಯನ್ನೂ ಒಬ್ಬನೇ ಕಾರಭಾರಿಗೆ ಒಪ್ಪಿಸಿದಂತಹ ರಚನೆ ಅದರದು, ಒಂದು ದೋಷ ಸಿಕ್ಕಿದರೆ ಕಳ್ಳನ ಕೈಗೆ ಇಡೀ ಯಂತ್ರ. ಡಚ್ ವಿಜ್ಞಾನಿ ವೀಟ್ಸೆ ವೆನೆಮಾ ಐಬಿಎಂ ಸಂಶೋಧನಾಲಯದಲ್ಲಿದ್ದು 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್ ಆ ಕೆಲಸವನ್ನು ಹತ್ತಾರು ಚಿಕ್ಕ ನೌಕರರಿಗೆ ಹಂಚಿತು: ಬಾಗಿಲು ಕಾಯುವವನು ಪತ್ರವನ್ನು ಪೆಟ್ಟಿಗೆಗೆ ಹಾಕಲಾರನು, ಪೆಟ್ಟಿಗೆಗೆ ಹಾಕುವವನು ಬಾಗಿಲು ತೆರೆಯಲಾರನು. ಬಂದ ಪತ್ರಗಳನ್ನು ಜೋಡಿಸಿಟ್ಟು ಫೋನಿಗೂ ಕಂಪ್ಯೂಟರಿಗೂ ಒಂದೇ ಬಗೆಯಾಗಿ ತೋರಿಸುವ ಡವ್‌ಕಾಟ್ ಫಿನ್‌ಲೆಂಡಿನ ಟಿಮೊ ಸಿರೈನೆನ್‌ನ ಕೃತಿ. ಇವುಗಳ ಮೇಲೆ ಪಂಚಾಂಗ, ವಿಳಾಸಪಟ್ಟಿ, ಕೂಡಿ ಬರೆಯುವ ಕಡತ ಇತ್ಯಾದಿಗಳನ್ನು ಕಟ್ಟಿದರೆ ಒಂದು ಕಚೇರಿಯ ವ್ಯವಹಾರವೆಲ್ಲ ಅದರಲ್ಲಿ ಅಡಗುತ್ತದೆ.

ಹಾಗೆ ಕಟ್ಟಿದವುಗಳಲ್ಲಿ ಜಿಂಬ್ರಾ ಪ್ರಸಿದ್ಧವಾದುದು. ಭಾರತ ಸರ್ಕಾರದ ಇ-ಮೇಲ್ ವ್ಯವಸ್ಥೆಯೂ ಬಹುಕಾಲ ಅದರ ಮೇಲೆ ನಡೆಯಿತು. ಆದರೆ ಅದರ ಪಹಣಿಯನ್ನು ನೋಡಿರಿ: 2007ರಲ್ಲಿ ಯಾಹೂ, 2010ರಲ್ಲಿ ವಿಎಂವೇರ್, 2013ರಲ್ಲಿ ಟೆಲಿಜೆಂಟ್, 2015ರಲ್ಲಿ ಸಿನಾಕೋರ್. ಒಂಬತ್ತನೆಯ ಆವೃತ್ತಿಯಿಂದ ಮುಂದೆ ಮೂಲಪಾಠ ಉಳಿಯಿತೇ ಹೊರತು ಸಿದ್ಧಪಡಿಸಿದ ಮುಕ್ತ ಪ್ರತಿಯನ್ನು ಕೊಡುವುದನ್ನು ಕಂಪನಿಯು ನಿಲ್ಲಿಸಿತು. ಮೂಲಪಾಠ ಕೈಯಲ್ಲಿದ್ದುದರಿಂದ ಬೇರೆಯವರು ಅದನ್ನು ತಾವೇ ಕಟ್ಟಿಕೊಂಡರು. ಅದು ಇಲ್ಲದಿದ್ದರೆ ಬಳಸುವವರಿಗೆ ಬೇಡುವುದೊಂದೇ ಮಾರ್ಗವಾಗುತ್ತಿತ್ತು.

ನಡೆಸುವ ಕಷ್ಟಕ್ಕೆ ಉದಾಹರಣೆ ಬೆಂಗಳೂರಿನಲ್ಲಿದೆ. ಷೇರು ವ್ಯವಹಾರದ ಜೆರೋಧಾ ಸಂಸ್ಥೆಯು ಆಯಾ ದಿನದ ವ್ಯವಹಾರಕ್ಕೆ ಸಹಿ ಮಾಡಿದ ಕರಾರು ಚೀಟಿಯನ್ನು 24 ಗಂಟೆಗಳೊಳಗೆ ಪ್ರತಿ ಗ್ರಾಹಕನಿಗೂ ಕಳುಹಿಸತಕ್ಕದ್ದು. ಒಂದೊಂದು ದಿನ ಹದಿನೈದು ಲಕ್ಷಕ್ಕೂ ಹೆಚ್ಚು ಚೀಟಿಗಳು. ಮೊದಲು ಏಳೆಂಟು ಗಂಟೆ ಹಿಡಿಯುತ್ತಿದ್ದ ಈ ಕೆಲಸವನ್ನು ಹರಾಕಾ ಎಂಬ ಮುಕ್ತ ಟಪಾಲು ತಂತ್ರಾಂಶವೇ ಮೊದಲಾದವುಗಳನ್ನು ಹೂಡಿ ಸುಮಾರು 25 ನಿಮಿಷಕ್ಕೆ ಇಳಿಸಿದುದನ್ನು ಅದರ ತಂತ್ರಜ್ಞರು 2024ರಲ್ಲಿ ವಿವರಿಸಿದರು. ಅಲ್ಲಿಯ ಕೈಲಾಶ್ ನಾಧ್ ರಚಿಸಿದ ಲಿಸ್ಟ್‌ಮಾಂಕ್ ಎಂಬ ಪತ್ರ ಹಂಚುವ ತಂತ್ರಾಂಶವೂ ಮುಕ್ತವೇ.

ಮೂಡಲಗಿಯ ನಮ್ಮ ಕಾರ್ಯದರ್ಶಿಗೆ ಅಷ್ಟು ದೊಡ್ಡ ಪಡೆ ಎಲ್ಲಿಂದ ಬರಬೇಕು? ಸರ್ವರನ್ನು ಒಂದು ಮಧ್ಯಾಹ್ನದಲ್ಲಿ ಹೂಡಬಹುದು. ತೊಡಕು ಮರುದಿನ ಆರಂಭ. ಪೋಸ್ಟೆಲನ ನಿಯಮವು ಕಳುಹಿಸಿದವನ ಮಾತನ್ನು ನಂಬುವುದರಿಂದ ಯಾರು ಬೇಕಾದರೂ ಯಾರ ಹೆಸರಿನಲ್ಲಿಯೂ ಬರೆಯಬಹುದಾಗಿತ್ತು. ಆದ್ದರಿಂದ ಇಂದು ಪ್ರತಿ ಪತ್ರಕ್ಕೂ ಗುಪ್ತ ಕೀಲಿಯಿಂದ ಮುದ್ರೆಯೊತ್ತಿ, ಆ ಮುದ್ರೆಯನ್ನು ಪರೀಕ್ಷಿಸುವ ಬಹಿರಂಗ ಕೀಲಿಯನ್ನು ಡಿಎನ್ಎಸ್‌ನಲ್ಲಿ ನೇತುಹಾಕಬೇಕು. ಅಷ್ಟಾದರೂ, ನಡತೆಯ ಇತಿಹಾಸವಿಲ್ಲದ ಹೊಸ ವಿಳಾಸದಿಂದ ಬಂದುದನ್ನು ದೊಡ್ಡ ಕಂಪನಿಗಳ ಯಂತ್ರಗಳು ಸಂಶಯದಿಂದ ಕಸದ ಬುಟ್ಟಿಗೆ ಸರಿಸುವುದುಂಟು. ಈ ಹೊರೆಯನ್ನು ಒಬ್ಬೊಬ್ಬರೇ ಹೊರುವುದಕ್ಕಿಂತ ಹತ್ತು ಸಂಘಗಳು ಕೂಡಿ ಒಬ್ಬ ಬಲ್ಲವನನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು ಲೇಸೆಂದು ನನಗೆ ತೋರುತ್ತದೆ. ಹುಕ್ಕೇರಿಯವರಿಗೆ ಇದು ಹೊಸ ವಿಚಾರವಲ್ಲ.

ಗೋಕಾಕವೆಂದರೆ ನಾಡಿಗೆ 1982ರ ಕನ್ನಡ ಚಳವಳಿ ನೆನಪಾಗುವುದು, ಆ ಹೆಸರು ಊರಿನಿಂದಲ್ಲ, ವಿ. ಕೃ. ಗೋಕಾಕರ ಸಮಿತಿಯಿಂದ ಬಂದುದಾದರೂ. ಇ-ಮೇಲ್ ವಿಳಾಸವನ್ನು ಆದ್ಯಂತವಾಗಿ ಕನ್ನಡ ಲಿಪಿಯಲ್ಲಿಯೇ ಬರೆಯುವುದಕ್ಕೆ ನಿಯಮವು 2012ರಲ್ಲಿ ಅವಕಾಶವಿತ್ತಿತು. ಪೋಸ್ಟ್‌ಫಿಕ್ಸ್ 2015ರ ಮೂರನೆಯ ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು. ಆದರೆ ಅಂತಹ ವಿಳಾಸದಿಂದ ಹೊರಟ ಪತ್ರವನ್ನು ಕೊಡಹೋದಾಗ, ಆಚೆಯ ಸರ್ವರು ತನಗೆ ಆ ಲಿಪಿ ತಿಳಿಯುವುದೆಂದು ನಮಸ್ಕಾರದ ಸಮಯದಲ್ಲಿಯೇ ಹೇಳಬೇಕು; ಹೇಳದಿದ್ದರೆ ಪತ್ರವು, ಆಚೆಯ ಯಾರೋ ಒಬ್ಬನು ತನ್ನ ತಂತ್ರಾಂಶವನ್ನು ಇನ್ನೂ ಹೊಸದು ಮಾಡಿಲ್ಲದ ಕಾರಣದಿಂದ, ಬಂದ ದಾರಿಯಲ್ಲಿಯೇ ಮರಳುತ್ತದೆ.