ಬಯಲು ಊರಿನ ಮ್ಯಾರಥಾನ್: ಸುಲಭವೇ?

ದಾಂಡೇಲಿ, ಜೋಯಿಡಾದ ಏರಿಳಿತದ ಕಾಡುದಾರಿಗಳಲ್ಲಿ ಓಡಿ ಅಭ್ಯಾಸವಿರುವವರಿಗೆ ಬಯಲು ಊರಿನ ಮ್ಯಾರಥಾನ್ ಸುಲಭವೆನಿಸುವುದು ಸಹಜ. ಆದರೆ 42.195 ಕಿಲೋಮೀಟರ್ ಓಡಿದವರ ಅನುಭವ ಬೇರೆ.

ಏರಿನಲ್ಲಿ ಮೀನಖಂಡ ಹೆಚ್ಚು ದುಡಿಯುತ್ತದೆ; ಇಳಿಜಾರಿನಲ್ಲಿ ತೊಡೆಯ ಮುಂಭಾಗ. ಹೀಗೆ ಶ್ರಮ ಹಂಚಿಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಅವೇ ಸ್ನಾಯುಗಳು ಗಂಟೆಗಟ್ಟಲೆ ಒಂದೇ ಬಗೆಯಲ್ಲಿ ದುಡಿಯಬೇಕು. ತಡೆಯುವ ಏರು ಇಲ್ಲದ್ದರಿಂದ ಆರಂಭದಲ್ಲೇ ವೇಗ ಹೆಚ್ಚಿಸುವ ಆಸೆಯೂ ಹುಟ್ಟುತ್ತದೆ. ಆಗ ಸ್ನಾಯು, ಯಕೃತ್ತುಗಳಲ್ಲಿ ಸಂಗ್ರಹವಾದ ಗ್ಲೈಕೋಜನ್ ಬೇಗ ಕರಗಿ, 30 ಕಿಲೋಮೀಟರ್ ದಾಟುವಷ್ಟರಲ್ಲಿ ಕಾಲು ಸೋಲುತ್ತದೆ.

ಸಮವೇಗ ಕಾಯ್ದುಕೊಂಡವರಿಗೆ ಮಾತ್ರ ಬಯಲು ವರವಾಗುತ್ತದೆ. 1978ರಲ್ಲಿ ಪಂಜಾಬಿನ ಜಲಂಧರದಲ್ಲಿ ಶಿವನಾಥ್ ಸಿಂಗ್ 2 ಗಂಟೆ 12 ನಿಮಿಷಗಳಲ್ಲಿ ಗುರಿ ಮುಟ್ಟಿದರು. ಅಂದರೆ ಕಿಲೋಮೀಟರಿಗೆ ಸರಾಸರಿ 3 ನಿಮಿಷ 8 ಸೆಕೆಂಡು. ಆ ರಾಷ್ಟ್ರೀಯ ದಾಖಲೆ 40 ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ಇಂಥ ಲೆಕ್ಕ ಕಲಿಸಲು ತರಬೇತುದಾರರು ಬೇಕು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಯೋಜನೆಯೊಂದು ಉತ್ತರ ಕನ್ನಡದ ಸಿದ್ದಿ ಯುವಜನರನ್ನು ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ದಿತ್ತು. ಕೆಲವೇ ವರ್ಷಗಳಲ್ಲಿ ಅದು ನಿಂತಿತು. ತರಬೇತುದಾರರಿಲ್ಲದ ಹಳ್ಳಿಯ ಓಟಗಾರರು ಈ ಪಾಠವನ್ನು ತಾವೇ ಕಲಿಯಬೇಕಾಗುತ್ತದೆ.

ನೀವು ಹೀಗೆ ಮಾಡಿ. ಹಳಿಯಾಳ, ಮುಂಡಗೋಡದ ಗದ್ದೆ ಬಯಲಿನ ರಸ್ತೆಗಳಲ್ಲಿ ವಾರಕ್ಕೊಮ್ಮೆ ದೂರ ಓಡಿ. ಕಿಲೋಮೀಟರ್ ಕಲ್ಲು ಬಂದಾಗಲೆಲ್ಲ ಕೈಗಡಿಯಾರ ನೋಡಿ. ಮೊದಲ ಕಲ್ಲಿಗೂ ಕೊನೆಯ ಕಲ್ಲಿಗೂ ತಗಲುವ ಸಮಯ ಹೆಚ್ಚುಕಡಿಮೆ ಒಂದೇ ಆಗಿರಲಿ. ಬಾಯಾರುವ ಮುನ್ನವೇ ಗುಟುಕು ನೀರು ಕುಡಿಯಿರಿ. ಓಟದ ದಿನ ಆರಂಭದಲ್ಲಿ ಇತರರು ನಿಮ್ಮನ್ನು ದಾಟಿ ಹೋದರೆ ಹೋಗಲಿ. ಅವರಲ್ಲಿ ಹಲವರು 30 ಕಿಲೋಮೀಟರಿನ ಆಚೆ ಸಿಗುತ್ತಾರೆ.