ಹಂದಿ ತಿಂದದ್ದು 4 ಗಂಟೆಯಲ್ಲೇ ಜೀರ್ಣವಾಗುತ್ತದೆಯೇ?

ವಾಟ್ಸಾಪ್‌ನಲ್ಲಿ ಆಗಾಗ ಸುತ್ತುವ ಒಂದು ಸಂದೇಶ: ಹಂದಿ ತಿಂದದ್ದು 4 ಗಂಟೆಯಲ್ಲೇ ಜೀರ್ಣವಾಗುತ್ತದೆ, ಹಾಗಾಗಿ ವಿಷವೆಲ್ಲ ಅದರ ಮಾಂಸದಲ್ಲೇ ಉಳಿಯುತ್ತದೆ, ಹಸುವಿಗಾದರೆ ಇಡೀ ದಿನ ಬೇಕು. ಕೇಳಲು ಸರಿ ಅನಿಸುತ್ತದೆ. ಆದರೆ ಸರಿಯಲ್ಲ.

ಹಸುವಿನ ಜಠರದಲ್ಲಿ ನಾಲ್ಕು ಕೋಣೆಗಳಿರುವುದು ವಿಷ ಸೋಸಲು ಅಲ್ಲ, ಹುಲ್ಲಿನ ನಾರನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಲು. ಹಂದಿಗೆ ನಮ್ಮಂತೆಯೇ ಒಂದೇ ಕೋಣೆಯ ಜಠರ. ಅಲ್ಲಿ ಆಮ್ಲ ಮತ್ತು ಪೆಪ್ಸಿನ್ ಸೇರಿ ಪ್ರೋಟೀನನ್ನು ಒಡೆಯಲು ಶುರುಮಾಡುತ್ತವೆ. ಮುಂದೆ ಸುಮಾರು 15ರಿಂದ 20 ಮೀಟರ್ ಉದ್ದದ ಸಣ್ಣ ಕರುಳು. ಪೋಷಕಾಂಶಗಳ ಹೀರಿಕೆ ಹೆಚ್ಚಾಗಿ ನಡೆಯುವುದು ಇಲ್ಲೇ. ಉಳಿದ ನಾರು ಸುರುಳಿ ಸುತ್ತಿಕೊಂಡ ದೊಡ್ಡ ಕರುಳಿನಲ್ಲಿ ನಿಧಾನವಾಗಿ ಹುದುಗುತ್ತದೆ. ಜಠರದಿಂದ ಆಹಾರ ಕೆಲವೇ ಗಂಟೆಗಳಲ್ಲಿ ಮುಂದೆ ಸಾಗಬಹುದು, ಆದರೆ ಪೂರ್ತಿ ದಾರಿಗೆ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚೇ ಬೇಕು. ಇನ್ನು ವಿಷ ಕಳೆಯುವುದು ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸ. ಅದಕ್ಕೂ ಜೀರ್ಣದ ವೇಗಕ್ಕೂ ಸಂಬಂಧವಿಲ್ಲ.

ನಿಜವಾದ ಅಪಾಯವೊಂದಿದೆ, ಸಂದೇಶ ಅದನ್ನು ಹೇಳುವುದೇ ಇಲ್ಲ: ಲಾಡಿಹುಳು. ಹುಳುವಿನ ಮೊಟ್ಟೆಗಳಿರುವ ಮನುಷ್ಯರ ಮಲ ತಿಂದ ಹಂದಿಯ ಸ್ನಾಯುಗಳಲ್ಲಿ ಇದರ ಮರಿಗಳು ನೆಲೆಯೂರುತ್ತವೆ. ಆ ಮಾಂಸವನ್ನು ಅರೆಬೆಂದದ್ದೇ ತಿಂದರೆ ನಮ್ಮ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಕೈಗೋ ಸೊಪ್ಪಿಗೋ ಅಂಟಿ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿಗಳು ಮಿದುಳಿಗೆ ಹೋಗಿ ಗುಳ್ಳೆಗಳಾಗಿ ಫಿಟ್ಸ್ ಬರಬಹುದು. ಹಂದಿಮಾಂಸ ಮುಟ್ಟದ ಸಸ್ಯಾಹಾರಿಗಳಲ್ಲೂ ಈ ಕಾಯಿಲೆ ಕಾಣಿಸಿಕೊಳ್ಳುವುದು ಹೀಗೇ. ಮಾಂಸವನ್ನು ಒಳಗಿನವರೆಗೂ ಬೇಯಿಸಿ, ಹಸಿ ಸೊಪ್ಪನ್ನು ಚೆನ್ನಾಗಿ ತೊಳೆಯಿರಿ, ಶೌಚದ ನಂತರ ಸೋಪು ಹಾಕಿ ಕೈ ತೊಳೆದುಕೊಳ್ಳಿ.