ಸಾಹಿತಿಯ ಬದುಕಿಗೆ ಆಧಾರ ಕೇಳುವ ಕೆಲಸ

ವಿಕಿಪೀಡಿಯದಲ್ಲಿ ಸಾಹಿತಿಯೊಬ್ಬರ ಬಗ್ಗೆ ಯಾರು ಬೇಕಾದರೂ ಲೇಖನ ಬರೆಯಬಹುದು. ಅದು ನಂಬಿಕೆಗೆ ಅರ್ಹವಾದ ಜೀವನಚಿತ್ರವಾಗಬೇಕಾದರೆ ಮತ್ತೊಬ್ಬರು ಸಾಲುಸಾಲಾಗಿ ಓದಿ ಪ್ರತಿ ಸಂಗತಿಗೂ ಆಧಾರ ಕೇಳಬೇಕು, ಕೊಟ್ಟಿರುವ ಆಧಾರವನ್ನು ತೆರೆದು ನೋಡಬೇಕು, ಆಧಾರ ಸಿಗದ ಸಾಲನ್ನು ತೆಗೆಯಬೇಕು. ಪರಿಶೀಲನೆ ಎಂದು ಕರೆಯುವ ಈ ಕೆಲಸವನ್ನು ಸ್ವಯಂಸೇವಕರು ಮಾಡುತ್ತಾರೆ. ಅವರಿಗೆ ಸಂಬಳವಿಲ್ಲ, ಲೇಖನದಲ್ಲಿ ಹೆಸರೂ ಕಾಣುವುದಿಲ್ಲ. ಯಾವ ದಿನ, ಯಾವ ಗಳಿಗೆಯಲ್ಲಿ ಯಾರು ಏನು ತಿದ್ದಿದರು ಎಂಬುದು ಪುಟದ ‘ಇತಿಹಾಸ’ದಲ್ಲಿ ಮಾತ್ರ ಉಳಿದಿರುತ್ತದೆ. ಶಾಲೆಯ ಭಾಷಣಕ್ಕೂ ಸನ್ಮಾನ ಪತ್ರಕ್ಕೂ ಜನ ಇಂದು ಮೊದಲು ತೆರೆಯುವುದು ಈ ಪುಟವನ್ನೇ. ಇಲ್ಲಿ ಉಳಿದ ಒಂದು ತಪ್ಪು ದಿನಾಂಕ ಹತ್ತಾರು ಕಡೆ ನಕಲಾಗುತ್ತದೆ. ಆದ್ದರಿಂದ ಪರಿಶೀಲನೆ ಎಂಬುದು ಓದುಗರಿಗೂ ಸಾಹಿತಿಗೂ ಒಟ್ಟಿಗೇ ಸಲ್ಲುವ ಸೇವೆ.

ಪ್ರಕಟಣೆ ಮೊದಲು, ಪರಿಶೀಲನೆ ನಂತರ

ಮುದ್ರಿತ ವಿಶ್ವಕೋಶದಲ್ಲಿ ಪರಿಶೀಲನೆ ಅಚ್ಚಿಗೆ ಹೋಗುವ ಮುಂಚೆಯೇ ಮುಗಿಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳಲ್ಲಿ ಹೊರತಂದ ಕನ್ನಡ ವಿಶ್ವಕೋಶ ತಯಾರಾದದ್ದು ಹೀಗೆ, ತಜ್ಞರ ಬರಹ ಮತ್ತು ಸಂಪಾದಕರ ತಿದ್ದುಪಡಿಯಿಂದ. 2000ದಲ್ಲಿ ಅಂತರ್ಜಾಲದಲ್ಲಿ ಶುರುವಾದ ನ್ಯೂಪೀಡಿಯ ಕೂಡ ಇದೇ ದಾರಿ ಹಿಡಿದು, ಪ್ರತಿ ಲೇಖನಕ್ಕೂ ಏಳು ಹಂತಗಳ ಪರಿಶೀಲನೆ ಇಟ್ಟಿತ್ತು. ಲೇಖನಗಳು ತೀರ ನಿಧಾನವಾಗಿ ಹೊರಬಂದವು. ಅದನ್ನು ನಡೆಸುತ್ತಿದ್ದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ 2001ರ ಜನವರಿ 15ರಂದು ವಿಕಿಪೀಡಿಯ ಆರಂಭಿಸಿದಾಗ ಕ್ರಮ ತಲೆಕೆಳಗಾಯಿತು. ಇಲ್ಲಿ ಲೇಖನ ಮೊದಲು ಪ್ರಕಟವಾಗುತ್ತದೆ, ಪರಿಶೀಲನೆ ಆಮೇಲೆ ನಡೆಯುತ್ತದೆ, ಅದು ಎಂದಿಗೂ ಮುಗಿಯುವುದಿಲ್ಲ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ ನಡೆಯುವುದೂ ಇದೇ ಕ್ರಮದಲ್ಲಿ.

ಈ ವ್ಯವಸ್ಥೆ ನಿಂತಿರುವುದು ಮೂರು ನಿಯಮಗಳ ಮೇಲೆ. ಬರಹ ತಟಸ್ಥವಾಗಿರಬೇಕು; ಪ್ರತಿ ಹೇಳಿಕೆಯನ್ನೂ ಪ್ರಕಟಿತ ಮೂಲದಲ್ಲಿ ನೋಡಿ ಖಚಿತಪಡಿಸಿಕೊಳ್ಳಲು ಬರಬೇಕು; ಬರೆಯುವವರು ತಮ್ಮ ಸ್ವಂತ ಸಂಶೋಧನೆಯನ್ನು ತುಂಬಬಾರದು.

ಮೊದಲ ಪ್ರಶ್ನೆ: ಪುಟ ಬೇಕೆ?

ಪರಿಶೀಲಕರು ಮೊದಲು ನೋಡುವುದು ಅರ್ಹತೆ. ಹತ್ತು ಪುಸ್ತಕ ಪ್ರಕಟಿಸಿದ್ದಾರೆ ಎಂಬುದೊಂದೇ ಸಾಲದು. ಆ ಪುಸ್ತಕಗಳ ಬಗ್ಗೆ ಬೇರೆಯವರು ವಿಮರ್ಶೆ ಬರೆದಿದ್ದಾರೆಯೆ, ಲೇಖಕರ ಬಗ್ಗೆ ಅವರಿಗೆ ಸಂಬಂಧಪಡದವರು ವಿಸ್ತಾರವಾಗಿ ಬರೆದಿದ್ದಾರೆಯೆ, ಮುಖ್ಯ ಪ್ರಶಸ್ತಿ ಬಂದಿದೆಯೆ ಎಂದು ಹುಡುಕಬೇಕು. ಪುಸ್ತಕದ ಬೆನ್ನುಡಿ, ಪ್ರಕಾಶಕರ ಜಾಹೀರಾತು, ಲೇಖಕರ ಸ್ವಂತ ಜಾಲತಾಣ ಇವು ಸ್ವತಂತ್ರ ಮೂಲಗಳಲ್ಲ. ಸಾಹಿತ್ಯ ಚರಿತ್ರೆ, ಸಂಶೋಧನ ಗ್ರಂಥ, ಪತ್ರಿಕೆಯ ವಿಮರ್ಶೆ, ಸಾಹಿತ್ಯ ಅಕಾಡೆಮಿಯ ಕಿರುಹೊತ್ತಗೆ ಸ್ವತಂತ್ರ ಮೂಲಗಳಾಗುತ್ತವೆ. ಅಭಿನಂದನ ಗ್ರಂಥ ಇವೆರಡರ ನಡುವೆ ನಿಲ್ಲುತ್ತದೆ. ಅದರಲ್ಲಿರುವ ಕೃತಿಸೂಚಿ, ಜೀವನದ ಘಟ್ಟಗಳು ಉಪಯೋಗಕ್ಕೆ ಬರುತ್ತವೆ. ಅದರ ಹೊಗಳಿಕೆಯನ್ನು ವಿಮರ್ಶೆ ಎಂದು ಎತ್ತಿಕೊಳ್ಳುವಂತಿಲ್ಲ.

ದಿನಾಂಕ, ಊರು, ಪ್ರಶಸ್ತಿ

ನಂತರದ್ದು ಸಂಗತಿಗಳ ತಾಳೆ. ಕುವೆಂಪು ಅವರ ಜನ್ಮಸ್ಥಳ ಕುಪ್ಪಳಿ ಎಂದು ಎಷ್ಟೋ ಪರಿಚಯಗಳಲ್ಲಿ ಕಾಣುತ್ತದೆ. ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ; ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಅವರು ಬೆಳೆದ ಮನೆ. ಎರಡೂ ಊರುಗಳು ಅವರ ಬದುಕಿಗೆ ಸೇರಿದವು, ಆದರೆ ‘ಜನನ’ ಎಂಬ ಕಲಮಿನಲ್ಲಿ ಬರಬೇಕಾದದ್ದು ಒಂದೇ.

ಪ್ರಶಸ್ತಿಯ ಇಸವಿಯಲ್ಲೂ ಇಂಥ ತೊಡಕಿದೆ. ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ ಬಂದ ಜ್ಞಾನಪೀಠ 1967ನೇ ಸಾಲಿನದು, ಗುಜರಾತಿ ಕವಿ ಉಮಾಶಂಕರ ಜೋಶಿಯವರೊಂದಿಗೆ ಹಂಚಿಕೆಯಾದದ್ದು; ಪ್ರದಾನ ನಡೆದದ್ದು 1968ರಲ್ಲಿ. ಒಂದು ಪುಟದಲ್ಲಿ ಒಂದು ಇಸವಿ, ಮತ್ತೊಂದು ಪುಟದಲ್ಲಿ ಇನ್ನೊಂದು ಇಸವಿ ಕಂಡರೆ ಕಾರಣ ಇದೇ. 1983ರ ಜ್ಞಾನಪೀಠ ಮಾಸ್ತಿಯವರಿಗೆ ‘ಚಿಕವೀರ ರಾಜೇಂದ್ರ’ಕ್ಕಾಗಿ ಬಂತೆಂದು ಹಲವೆಡೆ ಬರೆದಿರುತ್ತಾರೆ. 1982ರಿಂದ ಆ ಪ್ರಶಸ್ತಿಯನ್ನು ಒಂದು ಕೃತಿಗಲ್ಲದೆ ಸಮಗ್ರ ಸಾಹಿತ್ಯ ಸೇವೆಗೆ ಕೊಡುವ ಪದ್ಧತಿ ಬಂದಿತ್ತು. ಹಾಗಾಗಿ ಅಂಥ ವಾಕ್ಯ ಕಂಡ ಕೂಡಲೇ ಪರಿಶೀಲಕರು ಮೂಲ ಕೇಳಬೇಕು.

ಅನುಮಾನ ಹುಟ್ಟಿಸುವ ಸಂಗತಿಯೆಲ್ಲ ತಪ್ಪಾಗಿರುವುದೂ ಇಲ್ಲ. ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಎರಡೂ ದಿನಾಂಕ ಒಂದೇ ಆಗಿರುವುದು ಬೆರಳಚ್ಚಿನ ದೋಷದಂತೆ ಕಂಡರೂ ಸತ್ಯ. ಊಹೆಯ ಮೇಲೆ ತಿದ್ದುವುದು ಊಹೆಯ ಮೇಲೆ ಬರೆಯುವಷ್ಟೇ ಕೆಟ್ಟದ್ದು.

ಕನ್ನಡದಲ್ಲಿ ಕಾವ್ಯನಾಮಗಳಿಗೆ ಪ್ರತ್ಯೇಕ ಗಮನ ಬೇಕು. ‘ಆನಂದ’ ಎಂದರೆ ಕತೆಗಾರ ಅಜ್ಜಂಪುರ ಸೀತಾರಾಂ. ‘ಆನಂದಕಂದ’ ಎಂದರೆ ಬೆಟಗೇರಿ ಕೃಷ್ಣಶರ್ಮ. ಒಬ್ಬರ ಕೃತಿ ಮತ್ತೊಬ್ಬರ ಪಟ್ಟಿಗೆ ಸೇರಲು ಎರಡಕ್ಷರದ ಅಜಾಗರೂಕತೆ ಸಾಕು. ತ್ರಿವೇಣಿ ಎಂದು ಹುಡುಕಿದವರಿಗೂ ಅನಸೂಯ ಶಂಕರ್ ಎಂದು ಹುಡುಕಿದವರಿಗೂ ಒಂದೇ ಪುಟ ಸಿಗುವಂತೆ ಪುನರ್ನಿರ್ದೇಶನ ಮಾಡುವುದು, ಒಂದೇ ಹೆಸರಿನ ಹಲವರಿದ್ದರೆ ದ್ವಂದ್ವ ನಿವಾರಣೆಯ ಪುಟ ಮಾಡುವುದು ಪರಿಶೀಲನೆಯ ಭಾಗವೇ.

ಹೊಗಳಿಕೆ ಮತ್ತು ಹಕ್ಕು

ಸಾಹಿತಿಗಳ ಪುಟಗಳಲ್ಲಿ ಪರಿಶೀಲಕರು ಹೆಚ್ಚಾಗಿ ಅಳಿಸುವುದು ವಿಶೇಷಣಗಳನ್ನು. ‘ಅಪ್ರತಿಮ’, ‘ಕನ್ನಡಾಂಬೆಯ ಹೆಮ್ಮೆಯ ಪುತ್ರ’, ‘ಸರಸ್ವತಿಯ ವರಪುತ್ರ’ ಇಂಥವು ವೇದಿಕೆಯ ಮೇಲೆ ಸಲ್ಲುತ್ತವೆ, ವಿಶ್ವಕೋಶಕ್ಕೆ ಹೊಂದುವುದಿಲ್ಲ. ಅವುಗಳ ಜಾಗದಲ್ಲಿ ಯಾವ ವಿಮರ್ಶಕರು, ಯಾವ ಕೃತಿಯನ್ನು, ಯಾಕೆ ಮೆಚ್ಚಿದರು ಎಂದು ಹೇಳಿದರೆ ಓದುಗರಿಗೆ ಸಾಹಿತಿಯ ಎತ್ತರ ತಾನಾಗಿ ತಿಳಿಯುತ್ತದೆ. ‘ಅವರು’, ‘ಬರೆದರು’ ಎಂಬ ಗೌರವದ ಬಹುವಚನವನ್ನು ಯಾರೂ ತೆಗೆಯುವುದಿಲ್ಲ. ಅದು ಭಾಷೆಯ ಮರ್ಯಾದೆ.

ನಕಲು ಇನ್ನೊಂದು ದೊಡ್ಡ ಸಮಸ್ಯೆ. ಪತ್ರಿಕೆಯ ಶ್ರದ್ಧಾಂಜಲಿ ಲೇಖನವನ್ನು ಹಾಗೆಯೇ ತಂದು ಅಂಟಿಸಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ. ಇಡೀ ಕವಿತೆಯನ್ನು ಪುಟಕ್ಕೆ ಏರಿಸಿದರೂ ಹಾಗೆಯೇ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳ ಮೇಲಿನ ಹಕ್ಕು 2054ರ ಕೊನೆಯವರೆಗೆ ಇರುತ್ತದೆ.

ಬದುಕಿರುವವರ ಪುಟ

ಬದುಕಿರುವವರ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. ಅದರ ಹಿಂದೆ ಒಂದು ಕಹಿ ಪ್ರಸಂಗವಿದೆ. ಅಮೆರಿಕದ ಪತ್ರಕರ್ತ, ಲೇಖಕ ಜಾನ್ ಸೀಗನ್‌ಥಾಲರ್ ಅವರ ಪುಟದಲ್ಲಿ 2005ರ ಮೇ ತಿಂಗಳಲ್ಲಿ ಒಬ್ಬ ಅನಾಮಿಕ, ಕೆನೆಡಿ ಸಹೋದರರ ಹತ್ಯೆಯಲ್ಲಿ ಅವರ ಕೈವಾಡವಿತ್ತೆಂಬ ಶಂಕೆ ಇತ್ತು ಎಂದು ಸುಳ್ಳು ಬರೆದ. ರಾಬರ್ಟ್ ಕೆನೆಡಿಯವರ ಬಳಿ ಸಹಾಯಕರಾಗಿ ದುಡಿದಿದ್ದವರ ಮೇಲೆ ಬಂದ ಈ ಆರೋಪ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಿತು. ಸೀಗನ್‌ಥಾಲರ್ ಅದೇ ನವೆಂಬರಿನಲ್ಲಿ ಪತ್ರಿಕೆಯಲ್ಲಿ ಇದನ್ನು ಬಯಲಿಗೆ ತಂದ ಮೇಲೆ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ಇಲ್ಲದವರು ಹೊಸ ಪುಟ ಸೃಷ್ಟಿಸುವುದನ್ನು ನಿಲ್ಲಿಸಲಾಯಿತು. ಬದುಕಿರುವವರ ಜೀವನಚಿತ್ರಗಳಿಗೆ ಪ್ರತ್ಯೇಕ ನೀತಿ ಬಂತು. ಅದರ ಪ್ರಕಾರ, ಆಧಾರವಿಲ್ಲದ ವಿವಾದಾತ್ಮಕ ಸಾಲನ್ನು ಚರ್ಚೆಗೆ ಕಾಯದೆ ಕೂಡಲೇ ತೆಗೆಯಬೇಕು.

ಸಾಹಿತಿಯೇ ತಕರಾರು ತೆಗೆದರೆ?

ಕಾದಂಬರಿಕಾರ ಫಿಲಿಪ್ ರಾತ್ ಅವರ ಪ್ರಕರಣ ಪರಿಶೀಲಕರಿಗೆ ಒಳ್ಳೆಯ ಪಾಠ. ಅವರ ‘ದಿ ಹ್ಯೂಮನ್ ಸ್ಟೇನ್’ ಕಾದಂಬರಿಗೆ ವಿಮರ್ಶಕ ಅನಟೋಲ್ ಬ್ರಾಯರ್ಡ್ ಅವರ ಬದುಕು ಪ್ರೇರಣೆ ಎಂಬ ಮಾತು ವಿಕಿಪೀಡಿಯದಲ್ಲಿತ್ತು. ರಾತ್ ತಿದ್ದುಪಡಿ ಕೇಳಿದಾಗ, ಲೇಖಕರ ಮಾತಿನ ಜೊತೆಗೆ ಬೇರೆ ಮೂಲವೂ ಬೇಕು ಎಂಬ ಉತ್ತರ ಬಂತು. ಅವರು 2012ರ ಸೆಪ್ಟೆಂಬರಿನಲ್ಲಿ ‘ದಿ ನ್ಯೂಯಾರ್ಕರ್’ನಲ್ಲಿ ಬಹಿರಂಗ ಪತ್ರ ಬರೆದು, ಪ್ರೇರಣೆ ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ಮೆಲ್ವಿನ್ ಟ್ಯೂಮಿನ್ ಅವರ ಜೀವನದ ಒಂದು ಘಟನೆ ಎಂದು ವಿವರಿಸಿದರು. ಪತ್ರ ಪ್ರಕಟವಾದ ಮೇಲೆ ಅದೇ ಆಧಾರವಾಗಿ ಲೇಖನಕ್ಕೆ ಸೇರಿತು. ಖಾಸಗಿಯಾಗಿ ಹೇಳಿದ ಸತ್ಯವನ್ನು ಓದುಗರು ತಾಳೆ ನೋಡಲಾರರು. ಪ್ರಕಟವಾದ ಮಾತನ್ನು ನೋಡಬಲ್ಲರು. ಸಾಹಿತಿ ಅಥವಾ ಕುಟುಂಬದವರು ಪುಟವನ್ನು ತಾವೇ ತಿದ್ದದೆ, ಚರ್ಚೆ ಪುಟದಲ್ಲಿ ಆಧಾರಸಹಿತ ಕೋರಿಕೆ ಇಡುವುದು ಸರಿಯಾದ ಮಾರ್ಗ.

ವರ್ಗೀಕರಣದಲ್ಲೂ ಅನ್ಯಾಯ ನುಸುಳಬಹುದು. 2013ರಲ್ಲಿ ಕಾದಂಬರಿಕಾರ್ತಿ ಅಮಾಂಡಾ ಫಿಲಿಪಾಕಿ, ‘ಅಮೆರಿಕದ ಕಾದಂಬರಿಕಾರರು’ ವರ್ಗದಿಂದ ಮಹಿಳೆಯರನ್ನು ಒಬ್ಬೊಬ್ಬರಾಗಿ ತೆಗೆದು ‘ಮಹಿಳಾ ಕಾದಂಬರಿಕಾರರು’ ಎಂಬ ವರ್ಗಕ್ಕೆ ಸಾಗಿಸುತ್ತಿರುವುದನ್ನು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದು ತೋರಿಸಿದರು. ಮುಖ್ಯ ಪಟ್ಟಿಯಲ್ಲಿ ಉಳಿದವರು ಗಂಡಸರು ಮಾತ್ರ ಎನ್ನುವ ಸ್ಥಿತಿ ಬರುತ್ತಿತ್ತು. ಲೇಖಕಿಯ ಪುಟದಲ್ಲಿ ಗಂಡ, ಮಕ್ಕಳು, ಸಂಸಾರದ ವಿವರ ಕೃತಿಗಳಿಗಿಂತ ಮುಂದೆ ಬಂದಿದ್ದರೆ ಕ್ರಮ ಬದಲಿಸುವುದು ಪರಿಶೀಲಕರ ಹೊಣೆ.

ಕನ್ನಡದಲ್ಲಿ ಕೆಲಸ

ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳಿಗೆ ದರ್ಜೆಗಳಿವೆ. ಕೆಳಗಿನದು ಚುಟುಕು, ಮೇಲಿನದು ವಿಶೇಷ ಲೇಖನ. ‘ಉತ್ತಮ ಲೇಖನ’ದ ಮನ್ನಣೆಗೆ ಆರು ಅಳತೆಗಳು: ಶುದ್ಧ ಬರವಣಿಗೆ, ಖಚಿತ ಆಧಾರ, ವಿಷಯವ್ಯಾಪ್ತಿ, ತಟಸ್ಥತೆ, ಪದೇಪದೇ ಬದಲಾಗದ ಸ್ಥಿರತೆ, ಹಕ್ಕಿನ ತೊಡಕಿಲ್ಲದ ಚಿತ್ರಗಳು. ಲೇಖನಕ್ಕೆ ಕೈಹಾಕದ ಒಬ್ಬ ಸದಸ್ಯ ಅದನ್ನು ಇವುಗಳ ಮೇಲೆ ತೂಗುತ್ತಾರೆ. ಕನ್ನಡದಲ್ಲಿ ಸಕ್ರಿಯ ಸದಸ್ಯರು ಕಡಿಮೆ, ಚುಟುಕುಗಳು ಹೆಚ್ಚು. ಆದರೂ ಇದೇ ಆರು ಅಳತೆಗಳನ್ನು ಹಿಡಿದು ಯಾವ ಪುಟವನ್ನಾದರೂ ನೋಡಬಹುದು. ಅಭಿಪ್ರಾಯಭೇದ ಬಂದರೆ ಲೇಖನದ ಚರ್ಚೆ ಪುಟವಿದೆ, ಸಮುದಾಯದ ಮಾತಿಗೆ ‘ಅರಳಿ ಕಟ್ಟೆ’ ಇದೆ.

ಕನ್ನಡದ ನಿಜವಾದ ಕಷ್ಟ ಆಧಾರಗಳದು. ಹಳೆಯ ಸಾಹಿತಿಗಳ ಬಗ್ಗೆ ಬಂದ ಒಳ್ಳೆಯ ಬರಹ ‘ಪ್ರಬುದ್ಧ ಕರ್ನಾಟಕ’, ‘ಸಾಕ್ಷಿ’ಯಂಥ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿದೆ, ಗ್ರಂಥಾಲಯದ ಕಪಾಟಿನಲ್ಲಿದೆ. ಜಾಲದಲ್ಲಿ ಸಿಗುವ ಪರಿಚಯ ಎಷ್ಟೋ ಸಲ ವಿಕಿಪೀಡಿಯದಿಂದಲೇ ಎತ್ತಿಕೊಂಡದ್ದು. ಅದನ್ನೇ ಮತ್ತೆ ಆಧಾರವಾಗಿ ಕೊಟ್ಟರೆ ತಪ್ಪು ತನ್ನ ಸುತ್ತ ತಾನೇ ಸುತ್ತಿ ಗಟ್ಟಿಯಾಗುತ್ತದೆ. ಅಚ್ಚಿನ ಪುಸ್ತಕವನ್ನು ವಿಕಿಪೀಡಿಯ ಪೂರ್ಣವಾಗಿ ಒಪ್ಪುತ್ತದೆ. ಲೇಖಕರ ಹೆಸರು, ಪ್ರಕಾಶಕರು, ಇಸವಿ, ಪುಟಸಂಖ್ಯೆ ಕೊಟ್ಟರೆ ಸಾಕು, ಜಾಲದ ಕೊಂಡಿ ಬೇಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಳಪಡಿಸಿದ್ದರಿಂದ ಒಂದು ಭಂಡಾರವೂ ತೆರೆದಿದೆ.

ಆದ್ದರಿಂದ ಈ ಕೆಲಸಕ್ಕೆ ತಕ್ಕವರು ಊರೂರಿನಲ್ಲಿದ್ದಾರೆ. ಕನ್ನಡ ಅಧ್ಯಾಪಕರು, ಗ್ರಂಥಪಾಲಕರು, ನಿವೃತ್ತ ಪತ್ರಕರ್ತರು, ಮನೆಯಲ್ಲಿ ಹಳೆಯ ಸಂಚಿಕೆಗಳನ್ನು ಕಾಪಾಡಿಕೊಂಡು ಬಂದ ಓದುಗರು ಇವರೆಲ್ಲ ಪರಿಶೀಲಕರಾಗಬಲ್ಲರು. ಖಾತೆ ತೆರೆದು, ಪ್ರಯೋಗಪುಟದಲ್ಲಿ ಕೈ ಪಳಗಿಸಿಕೊಂಡು, ಮೆಚ್ಚಿನ ಸಾಹಿತಿಯ ಪುಟದಲ್ಲಿ ಆಧಾರವಿಲ್ಲದ ಒಂದು ಸಾಲನ್ನು ಹುಡುಕಿ, ಅದಕ್ಕೆ ಪುಸ್ತಕದ ಪುಟಸಂಖ್ಯೆ ಸೇರಿಸುವುದೇ ಮೊದಲ ಪಾಠ. ಉಳಿದ ನಿಯಮಗಳು ಕೆಲಸ ಮಾಡುತ್ತಲೇ ತಿಳಿಯುತ್ತವೆ.